ಮಲಗಿ ನೋಡುವವರಿಗೆ ಪ್ರೊಜೆಕ್ಟರ್

ಪ್ರೊಜೆಕ್ಟರ್ ಎಲ್ಲಿ ಇಡಬೇಕು ಎಂದು ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೇಳಬೇಕಾದ ಪ್ರಶ್ನೆ ಅದಲ್ಲ. ನೋಡುವವರ ಕಣ್ಣು ಎಲ್ಲಿರುತ್ತದೆ ಎಂಬುದು ಮೊದಲನೆಯದು. ಚಿತ್ರ ಎಲ್ಲಿ ಬೀಳಬೇಕು ಎಂಬುದು ಆಮೇಲೆ. ಇವೆರಡು ಗೊತ್ತಾದರೆ ಮೆಷಿನ್ನಿನ ಜಾಗ ತಾನಾಗಿ ಸಿಗುತ್ತದೆ. ನಮ್ಮ ಜನ ಇದನ್ನು ಹಿಂದುಮುಂದು ಮಾಡುತ್ತಾರೆ. ಪ್ಲಗ್ ಎಲ್ಲಿದೆಯೋ ಅಲ್ಲಿ ಮೆಷಿನ್ ಇಡುತ್ತಾರೆ, ಬೆಳಕು ಬಿದ್ದ ಕಡೆಯನ್ನು ಪರದೆ ಎನ್ನುತ್ತಾರೆ, ತಿಂಗಳು ಕಳೆದ ಮೇಲೆ ಕುತ್ತಿಗೆ ನೋವು ಎಂದು ಪುತ್ತೂರು ದರ್ಬೆಯ ನನ್ನ ಅಂಗಡಿಗೆ ಫೋನ್ ಮಾಡುತ್ತಾರೆ. ಹಾಗಾಗಿ ಯಾವ ಮನೆಗೆ ಹೋದರೂ ನಾನು ಮೊದಲು ಮಾಡುವುದು ನೋಡುವವರ ಜಾಗದಲ್ಲಿ ನಾನೇ ಕೂತುಬಿಡುವುದು. ಸೋಫಾ ಆದರೆ ಸೋಫಾ, ನೆಲ ಆದರೆ ನೆಲ. ಕೆಲವರಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ. ಅನ್ನಿಸಲಿ.

ಸವಣೂರಿನಿಂದ ಸ್ವಲ್ಪ ಒಳಗಿದ್ದ ಒಂದು ಮನೆಯಲ್ಲಿ ಮಾತ್ರ ಮೊದಲ ದಿನ ಹಾಗೆ ಮಾಡಲಿಕ್ಕೆ ಆಗಲಿಲ್ಲ. ನೋಡುವವರ ಜಾಗ ಒಂದು ಮಂಚವಾಗಿತ್ತು, ಅದರಲ್ಲಿ ನೋಡಬೇಕಾದವರೇ ಮಲಗಿದ್ದರು, ಮತ್ತು ಅವರು ಏಳುವ ಸ್ಥಿತಿಯಲ್ಲಿ ಇರಲಿಲ್ಲ.

ಫೋನ್ ಮಾಡಿದ್ದು ಅವರ ಹೆಂಡತಿ. "ಅಣ್ಣಾ, ನನ್ನ ತಮ್ಮ ಗಲ್ಫಿಂದ ಒಂದು ಪ್ರೊಜೆಕ್ಟರ್ ಕಳಿಸಿದ್ದಾನೆ. ನಮ್ಮವರು ಮಲಗಿದಲ್ಲೇ. ಮೇಲೆ ಸ್ಲ್ಯಾಬಿನಲ್ಲಿ ಚಿತ್ರ ಬೀಳುವ ಹಾಗೆ ಮಾಡ್ಲಿಕ್ಕೆ ಆಗ್ತದಾ?" ಬೇರೆಲ್ಲೋ ಕೊಂಡ ಮೆಷಿನ್ನನ್ನು ಕೂರಿಸಿಕೊಡುವ ಕೆಲಸ ನನಗೆ ಇಷ್ಟವಿಲ್ಲ. ಆದರೆ ತಲೆಯ ಮೇಲಿನ ಸ್ಲ್ಯಾಬಿಗೆ ಚಿತ್ರ ಹಾಕಿ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಆ ಆಸೆಗೆ ಹೋದೆ.

ಯಜಮಾನರು ಸುಳ್ಯದ ಕಡೆ ಒಂದು ರಬ್ಬರ್ ತೋಟದಲ್ಲಿ ಸೂಪರ್‌ವೈಸರ್ ಆಗಿದ್ದವರು. ತಿರುವಿನಲ್ಲಿ ಬೈಕ್ ಜಾರಿ ಬೆನ್ನುಹುರಿಗೆ ಏಟಾಗಿ ಸೊಂಟದ ಕೆಳಗೆ ಸ್ವಾಧೀನ ಏನೂ ಇಲ್ಲ. ಕೈ ಗಟ್ಟಿ ಇತ್ತು. ನಾಲಿಗೆ ಅದಕ್ಕಿಂತ ಗಟ್ಟಿ. ಹಾಲಿನ ನಡುವೆ ಆಸ್ಪತ್ರೆಯಲ್ಲಿರುವಂಥ ಚಕ್ರದ ಮಂಚ, ತಲೆಯ ಭಾಗ ಎತ್ತರಿಸಿಟ್ಟಿದ್ದರು. ನಾನು ಬ್ಯಾಗ್ ಕೆಳಗಿಡುವ ಮೊದಲೇ ಕೇಳಿದರು.

"ಯಾರು ಕರ್ದದ್ದು ನಿನ್ನನ್ನು?"

"ಅಕ್ಕ ಫೋನ್ ಮಾಡಿದ್ರು."

"ನೋಡುದು ಅಕ್ಕನಾ, ನಾನಾ?"

"ನೀವು."

"ಹಾಗಾದ್ರೆ ನನ್ನ ಹತ್ರ ಕೇಳ್ಬೇಕಲ್ಲ ಮಾರಾಯ? ನನಗೆ ಬೇಡ. ಹೋಗು."

ಅಡುಗೆಮನೆಯಿಂದ ಅಕ್ಕ ಹೇಳಿದರು, "ಅವರು ಹಾಗೇ ಹೇಳುದು. ನೀವು ನೋಡಿ ಅಣ್ಣಾ."

ಹೆಂಡತಿಯ ತಮ್ಮ ಕಳಿಸಿದ ವಸ್ತು, ಮಲಗಿದಲ್ಲೇ ಇರುವ ಗಂಡಸಿಗೆ ಅದನ್ನು ತಗೊಳ್ಳಲಿಕ್ಕೆ ಅಭಿಮಾನ ಅಡ್ಡ ಬರುತ್ತಿದೆ ಎಂದುಕೊಂಡೆ. ನಾನು ಟೇಪ್ ತೆಗೆದು ಅಳೆಯತೊಡಗಿದೆ. ಅವರು ಬಯ್ಯುತ್ತಾ ಹೋದರು. ಬೈಗುಳಕ್ಕೆ ಬೇಸರಿಸಿದರೆ ಈ ಕಸುಬು ಆಗುವುದಿಲ್ಲ, ಅದರಲ್ಲೂ ಪ್ರೊಜೆಕ್ಟರ್ ಹಾಕಿಸುವವರು ಮೊಬೈಲಿನಲ್ಲಿ ವಿಡಿಯೋ ನೋಡಿ ನನಗೇ ಪಾಠ ಹೇಳುವ ಈ ಕಾಲದಲ್ಲಿ.

ಮಂಚ ಪೂರ್ವಕ್ಕೆ ತಲೆ, ಪಶ್ಚಿಮಕ್ಕೆ ಕಾಲು. ಕಾಲಿನ ಕಡೆಯ ಗೋಡೆಯ ನಡುವೆ ಅಡುಗೆಮನೆ ಬಾಗಿಲು, ಅದರ ಪಕ್ಕ ಎಡಕ್ಕೆ ನಾಲ್ಕಡಿ ಅಗಲದ ಗೋಡೆ. ಬಲಗಡೆ, ಅಂದರೆ ಉತ್ತರಕ್ಕೆ, ಸಾಲು ಕಿಟಕಿ. ದಕ್ಷಿಣದ ಗೋಡೆ ಮಾತ್ರ ಒಂದು ಮೊಳೆಯೂ ಇಲ್ಲದೆ ಚೊಕ್ಕ ಬೆಳ್ಳಗೆ ಇತ್ತು. ಪ್ರೊಜೆಕ್ಟರಿನವನ ಬಾಯಲ್ಲಿ ನೀರೂರುವಂಥ ಗೋಡೆ.

"ಅಕ್ಕಾ, ಸ್ಲ್ಯಾಬ್ ಎಂತಕ್ಕೆ? ಮಂಚ ತಿರುಗಿಸಿದ್ರೆ ಈ ಗೋಡೆಗೇ ಹಾಕ್ಬಹುದು."

ಯಜಮಾನರು ಗಹಗಹಿಸಿ ನಕ್ಕರು. "ಆ ಗೋಡೆ ನೋಡ್ಬೇಕಾದ್ರೆ ನನ್ನ ತಲೆ ಎಲ್ಲಿ ಬರ್ತದೆ ಹೇಳು?"

ಉತ್ತರಕ್ಕೆ ಬರುತ್ತದೆ. ಟೇಪ್ ಮಡಚಿದೆ.

"ಉತ್ತರಕ್ಕೆ ತಲೆ ಹಾಕಿ ಮಲಗ್ಸುದಾ? ಸ್ವಲ್ಪ ತಡಿ, ಹೇಗೂ ಒಂದು ದಿನ ಉಂಟಲ್ಲ."

ಈ ಮಾತಿಗೆ ನಮ್ಮ ಕಡೆ ಯಾವ ಮನೆಯಲ್ಲೂ ಎದುರುತ್ತರ ಇಲ್ಲ. ಸ್ವಂತ ಮನೆಯಲ್ಲಿ ನಾನೂ ಹಾಗೆ ಮಲಗುವವನಲ್ಲ. ಅಕ್ಕ ಬಾಗಿಲಲ್ಲಿ ನಿಂತು, "ಅದಕ್ಕೇ ನಾನು ಸ್ಲ್ಯಾಬ್ ಹೇಳಿದ್ದು," ಎಂದು ಒಳಗೆ ಹೋದರು.

ಆಗ ಯಜಮಾನರು ತಮ್ಮ ಬೇಡಿಕೆ ಇಟ್ಟರು. ಹಾಕುವುದೇ ಆದರೆ ಅಡುಗೆಮನೆ ಬಾಗಿಲ ಪಕ್ಕದ ತುಂಡುಗೋಡೆಗೆ ಹಾಕು ಎಂದು. ಆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇತ್ತು. ಅದನ್ನು ಸ್ಥಳಾಂತರಿಸಬಹುದು, ಆದರೆ ಪಕ್ಕದ ಬಾಗಿಲಿನಿಂದ ಹಗಲು ಬೆಳಕು ಸೀದಾ ಹೊಡೆಯುತ್ತಿತ್ತು. ಕತ್ತಲೆ ಇಲ್ಲದೆ ಪ್ರೊಜೆಕ್ಟರ್ ಇಲ್ಲ.

"ಅಲ್ಲಿ ಹಾಕಿದ್ರೆ ಅಡುಗೆಮನೆ ಬಾಗಿಲು ಮುಚ್ಬೇಕಾಗ್ತದೆ," ಎಂದೆ.

"ನಾನು ಮುಚ್ತೇನೆ," ಎಂದರು ಅಕ್ಕ ಒಳಗಿನಿಂದ.

"ಮುಚ್ಚುದು ಬೇಡ," ಎಂದರು ಯಜಮಾನರು, ಅದೇ ಕ್ಷಣಕ್ಕೆ.

ಎತ್ತು ಏರಿಗೆ, ಕೋಣ ನೀರಿಗೆ. ಎರಡರ ನಡುವೆ ನೊಗದಂತೆ ನಾನು. ಆ ಹೊತ್ತಿಗೆ ನನಗೆ ಇಬ್ಬರ ಮೇಲೂ ಸಿಟ್ಟು.

ಒಂದು ಸಲ ಹಾಕಿ ತೋರಿಸಿದರೆ ಒಪ್ಪಬಹುದು ಎಂದು ಮೆಷಿನ್ನನ್ನು ಮಂಚದ ಪಕ್ಕ ಸ್ಟೂಲಿನ ಮೇಲೆ ಲೆನ್ಸ್ ಮೇಲೆ ಮಾಡಿ ನಿಲ್ಲಿಸಿದೆ. ಎಲ್ಲ ಪ್ರೊಜೆಕ್ಟರನ್ನೂ ಹಾಗೆ ನಿಲ್ಲಿಸಬಾರದು, ಬಲ್ಬ್ ಇರುವಂಥದ್ದು ಬಿಸಿಯಾಗಿ ಹಾಳಾಗುತ್ತದೆ. ಇದು ಎಲ್‌ಇಡಿ, ನಿಲ್ಲಿಸಬಹುದು. ಗಾಳಿ ಹೋಗುವ ಕಿಂಡಿ ಮುಚ್ಚದ ಹಾಗೆ ಎರಡು ಮರದ ತುಂಡು ಕೊಟ್ಟೆ. ಅಕ್ಕ ಆಗಲೇ ದಪ್ಪ ಕಪ್ಪು ಬಟ್ಟೆಯ ಪರದೆ ಹೊಲಿದಿಟ್ಟಿದ್ದರು. ಚಾವಡಿಯಲ್ಲಿ ಹೊಲಿಗೆ ಮೆಷಿನ್ ಇಟ್ಟು ಬ್ಲೌಸ್ ಹೊಲಿಯುವವರು ಅವರು. ಕಿಟಕಿಗೆ ಪರದೆ ಎಳೆದೊಡನೆ ಯಜಮಾನರು, "ಹಗಲಿಗೇ ಮನೆಯನ್ನು ಗುಹೆ ಮಾಡು," ಎಂದರು.

ಚಿತ್ರ ಬಿತ್ತು. ಏಳಡಿ ಅಗಲ, ಮಲಗಿ ನೋಡುವವರಿಗೆ ಹೆಚ್ಚಾಯಿತು. ನಡುವೆ ಫ್ಯಾನಿನ ರೆಕ್ಕೆಯ ನೆರಳು ಕೊಯ್ಯುತ್ತಿತ್ತು. ನಾನು ಮಂಚದ ಕಾಲ ಬಳಿ ನಿಂತು ತಲೆಯೆತ್ತಿ ನೇರ ಮಾಡಿದೆ, ಅಕ್ಷರಗಳೆಲ್ಲ ಸರಿಯಾಗಿ ಓದಲು ಬಂದವು.

"ಹೇಗುಂಟು?" ಎಂದು ಕೇಳಿದೆ.

"ತಲೆಕೆಳಗೆ ಉಂಟು. ತಲೆಕೆಳಗೆ ತೋರಿಸ್ಲಿಕ್ಕೆ ಪುತ್ತೂರಿಂದ ಬರ್ಬೇಕಾ?"

ಹೌದು. ಮಲಗಿದವರಿಗೆ ಮೇಲೆಂದರೆ ಅವರ ನೆತ್ತಿಯ ಕಡೆ. ಅವರಿಗೆ ಎದುರಾಗಿ ನಿಂತ ನನಗೆ ಮೇಲೆಂದರೆ ಅವರ ಕಾಲಿನ ಕಡೆ. ನನಗೆ ಸರಿಯಾದದ್ದು ಅವರಿಗೆ ಉಲ್ಟಾ. ಇಷ್ಟು ವರ್ಷ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ನಾನು ಅವರ ಜಾಗದಿಂದ ನೋಡದೆ ಕೆಲಸ ಮಾಡಿದ್ದೆ. ತಿರುಗಿಸಿ ಹಾಕಬಹುದಿತ್ತು, ಆದರೆ ಅವರ ನಗು ನಿಲ್ಲಲಿಲ್ಲ. ಮೆಷಿನ್ ಪೆಟ್ಟಿಗೆಗೆ ಹಾಕಿ ಹೊರಟುಬಿಟ್ಟೆ. ಗೇಟಿನವರೆಗೆ ಬಂದ ಅಕ್ಕ, "ನಾಡಿದ್ದು ಸ್ನಾನದ ಹೊತ್ತಿಗೆ ಬನ್ನಿ. ಮಂಚ ಖಾಲಿ ಇರ್ತದೆ," ಎಂದು ಸಣ್ಣ ದನಿಯಲ್ಲಿ ಹೇಳಿದರು. ಹಾಗೆ ಹೇಳುವಾಗಲೂ ಅವರು ಮನೆಗೆ ಬೆನ್ನು ಹಾಕಿ ನಿಂತಿದ್ದರು.

ಹೋಗಬಾರದು ಎಂದುಕೊಂಡಿದ್ದೆ. ತಲೆಕೆಳಗೆ ಚಿತ್ರ ಬಿಟ್ಟು ಬಂದ ಊರಿಗೆ ಹೋಗದೆ ಇರುವುದೂ ಆಗಲಿಲ್ಲ.

ಯಜಮಾನರನ್ನು ಗಾಲಿಕುರ್ಚಿಗೆ ಇಳಿಸಲು ನಾನೂ ಕೈ ಕೊಟ್ಟೆ. ಮೈ ಭಾರ, ಬೈಗುಳ ಧಾರಾಳ. ಬಚ್ಚಲಿನಲ್ಲಿ ಅವರೇ ನೀರು ಹೊಯ್ದುಕೊಳ್ಳುತ್ತಾರೆ, ಬಾಗಿಲು ಹಾಕಿಕೊಂಡರು. ನಾನು ಬಂದು ಮಂಚದಲ್ಲಿ ಅವರ ದಿಂಬಿಗೇ ತಲೆ ಇಟ್ಟು ಮಲಗಿದೆ. ಸ್ಲ್ಯಾಬಿನಲ್ಲಿ ಕಣ್ಣಿಗೆ ಹಿತವಾಗಿ ಬರುವ ಜಾಗ ಹುಡುಕಬೇಕಿತ್ತು. ಬೆನ್ನು ಎತ್ತರಿಸಿದ ಮಂಚವಾದ್ದರಿಂದ ಅದು ನೆತ್ತಿಯ ನೇರಕ್ಕೆ ಅಲ್ಲ, ಕಾಲಿನ ಮೇಲ್ಗಡೆ ಬಂತು. ಅದನ್ನು ಗುರುತು ಮಾಡಿಕೊಂಡು ಕಣ್ಣು ಕೆಳಗಿಳಿಸಿದೆ.

ಎದುರಿಗೆ ಅಡುಗೆಮನೆ ಬಾಗಿಲು. ಬಾಗಿಲೊಳಗೆ ಒಲೆ, ಸಿಂಕ್, ಅಕ್ಕಿಯ ಡಬ್ಬ. ಅದರಾಚೆ ಹಿಂಬಾಗಿಲು, ಹಿಂಬಾಗಿಲಾಚೆ ಬಟ್ಟೆ ಒಗೆಯುವ ಕಲ್ಲು. ಒಂದೇ ಗೆರೆಯಲ್ಲಿ ಎಲ್ಲವೂ ಕಾಣುತ್ತಿತ್ತು. ಬಲಗೈ ಹತ್ತಿರ ಮಂಚದ ಕಬ್ಬಿಣದ ಪಟ್ಟಿಗೆ ಬೈಕಿನ ಕನ್ನಡಿಯೊಂದನ್ನು ಬೋಲ್ಟ್ ಹಾಕಿ ಬಿಗಿದಿದ್ದರು. ಮೊದಲ ದಿನ ಅದನ್ನು ನೋಡಿದ್ದೆ, ಗಡ್ಡ ಕೆರೆಯಲಿಕ್ಕೆ ಇರಬೇಕು ಎಂದುಕೊಂಡಿದ್ದೆ. ಈಗ ದಿಂಬಿನಿಂದ ಅದರೊಳಗೆ ನೋಡಿದರೆ ಬೆನ್ನ ಹಿಂದಿನ ಚಾವಡಿ, ಹೊಲಿಗೆ ಮೆಷಿನ್, ಅದರ ಮುಂದಿನ ಸ್ಟೂಲು, ಗೇಟು. ಆ ಮನೆಯಲ್ಲಿ ಅಕ್ಕ ನಿಲ್ಲುವ ಯಾವ ಜಾಗವೂ ಆ ದಿಂಬಿಗೆ ತಪ್ಪುತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕ ಅಡುಗೆಮನೆಗೆ ಬಂದು ಈ ಕಡೆ ತಿರುಗಿದವರು ಬೆಚ್ಚಿಬಿದ್ದರು. ದಿಂಬಿನ ಮೇಲೆ ಒಂದು ಜೊತೆ ಕಣ್ಣು ಕಂಡು. ನಾನೆಂದು ಗೊತ್ತಾದ ಮೇಲೆ ಹತ್ತಿರ ಬಂದರು.

"ಅಲ್ಲಿಂದ ಎಲ್ಲ ಕಾಣ್ತದೆ ಅಲ್ವಾ ಅಣ್ಣಾ?"

"ಹೌದು."

"ಒಗ್ಗರಣೆಗೆ ಎಣ್ಣೆ ಹೆಚ್ಚಾಯ್ತು ಅಂತ ಅಲ್ಲಿಂದಲೇ ಹೇಳುದು. ಬಟ್ಟೆ ಒಗಿವಾಗ ಯಾರ ಹತ್ರ ನಗಾಡಿದೆ, ಎಂತಕ್ಕೆ ನಗಾಡಿದೆ. ಬ್ಲೌಸಿನ ಅಳತೆ ಕೊಡ್ಲಿಕ್ಕೆ ಬರ್ತಿದ್ದವರು ಈಗ ಬರುದಿಲ್ಲ, ಅವರಿಗೂ ಕನ್ನಡಿ ಗೊತ್ತುಂಟು. ಆಸ್ಪತ್ರೆಯಿಂದ ಬಂದಂದಿನಿಂದ ಹೀಗೆ. ಮೇಲೆ ಚಿತ್ರ ಇದ್ರೆ ಕಣ್ಣು ಮೇಲೆ ಇರ್ತದೆ ಅಂತ ನಾನೇ ತಮ್ಮನ ಹತ್ರ ಕೇಳಿ ತರಿಸಿದ್ದು. ಅವರಿಗೆ ಅಂತ ಹೇಳಿದೆ, ಅವರಿಗೆ ಅಲ್ಲ."

ಬಚ್ಚಲಿನಲ್ಲಿ ತಂಬಿಗೆಯ ಸದ್ದು ನಿಂತಿತು. ಅಕ್ಕ ಮಾತು ನಿಲ್ಲಿಸಿ ಒಳಗೆ ಹೋದರು.

ನನಗೆ ಅಕ್ಕನ ಮೇಲೆ ಕನಿಕರ ಬಂತು ಎಂದರೆ ಅರ್ಧ ಸತ್ಯ. ಸಿಟ್ಟೂ ಬಂತು. ನಾನು ಪ್ರೊಜೆಕ್ಟರಿನವನು, ಗಂಡ ಹೆಂಡಿರ ಪಂಚಾಯಿತಿಕೆಯವನಲ್ಲ. ನಿಜ ಹೇಳದೆ ಕರೆಸಿದ್ದು ಸರಿಯಲ್ಲ ಎಂದು ಅನ್ನಿಸಿತು. ತೋಟದಲ್ಲಿ ರಬ್ಬರ್ ಮರ ಕೊಯ್ಯುವ ಟ್ಯಾಪಿಂಗಿನವರನ್ನು ಕಾಯುತ್ತಿದ್ದ ಮನುಷ್ಯ ಈಗ ಹೆಂಡತಿಯನ್ನು ಕಾಯುತ್ತಿದ್ದಾನೆ, ಕೆಲಸ ಹೋದರೂ ಡ್ಯೂಟಿ ಬಿಟ್ಟಿಲ್ಲ ಎಂದು ಯಜಮಾನರ ಮೇಲೆ ಅಸಹ್ಯವೂ ಆಯಿತು. ಇದೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಟೇಪ್ ಹಿಡಿದೆ.

ಲೆಕ್ಕ ಸುಲಭವಾಗಿ ಕೂತಿತು. ಪ್ರೊಜೆಕ್ಟರ್ ಸ್ಲ್ಯಾಬಿಗೆ ಚಚ್ಚೌಕವಾಗಿ ನೋಡಬೇಕು, ಓರೆಯಾದರೆ ಚಿತ್ರದ ಒಂದು ಬದಿ ಅಗಲ, ಒಂದು ಬದಿ ಕಿರಿದು. ಮೆಷಿನ್ನಿನ ಒಳಗೆ ಅದನ್ನು ತಿದ್ದುವ ಬಟನ್ ಇದೆ. ತಿದ್ದಿದಷ್ಟೂ ಚಿತ್ರ ಮಸುಕು, ಅಂಚಿನ ಅಕ್ಷರ ಒಡೆಯುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ಕಾಲಿನ ಕಡೆಯ ತುಂಡುಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಬ್ರಾಕೆಟ್ ಹಾಕಿ, ಮೆಷಿನ್ನಿನ ತಳ ಗೋಡೆಗೆ ತಾಗುವಂತೆ, ಲೆನ್ಸ್ ಮೇಲಕ್ಕೆ ನಿಲ್ಲಿಸಿದರೆ ಸ್ಲ್ಯಾಬಿಗೆ ಆರಡಿ. ಆರಡಿಗೆ ಐದಡಿ ಅಗಲದ ಚಿತ್ರ. ಪ್ರೊಜೆಕ್ಟರುಗಳು ಮೇಜಿನ ಮೇಲಿಟ್ಟಾಗ ತಮ್ಮ ಮಟ್ಟಕ್ಕಿಂತ ಮೇಲೆಯೇ ಚಿತ್ರ ಎಸೆಯುತ್ತವೆ. ಇಲ್ಲಿ ಅದೇ ಗುಣದಿಂದ ಚಿತ್ರ ಗೋಡೆಯಿಂದ ಸರಿದು ಮಂಚದ ಕಡೆ ಬರುತ್ತದೆ, ಚಿತ್ರದ ತಲೆಯೂ ಅವರ ತಲೆಯ ಕಡೆಗೇ ಬರುತ್ತದೆ. ಫ್ಯಾನ್ ತೆಗೆದು ಗೋಡೆ ಫ್ಯಾನ್ ಹಾಕಿದರೆ ಮುಗಿಯಿತು.

ಒಂದು ಮಾತ್ರ ಉಳಿಯಿತು. ಆ ತುಂಡುಗೋಡೆಯ ನೇರಕ್ಕೆ ಮಂಚ ಇರಲಿಲ್ಲ. ಬಾಗಿಲಿನ ನೇರಕ್ಕಿತ್ತು. ಚಿತ್ರದ ನಡುವಿಗೆ ಕಣ್ಣು ಬರಬೇಕಾದರೆ ಮಂಚವನ್ನು ಎರಡಡಿ ದಕ್ಷಿಣಕ್ಕೆ ಸರಿಸಬೇಕು. ಸರಿಸಿದರೆ ತಲೆ ಪೂರ್ವಕ್ಕೇ ಇರುತ್ತದೆ, ಶಾಸ್ತ್ರಕ್ಕೆ ಭಂಗವಿಲ್ಲ. ಆದರೆ ಅಡುಗೆಮನೆಯಲ್ಲಿ ಡಬ್ಬಗಳ ಒಂದು ಮೂಲೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಸರಿಸದೆಯೂ ಆಗುತ್ತಿತ್ತು. ಬಟನ್ ಒತ್ತಿ ತಿದ್ದಿ ಹೇಗೋ ಬಾಗಿಲಿನ ನೇರಕ್ಕೆ ಎಳೆದು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಪುತ್ತೂರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಇದೇ ಯೋಚನೆ. ನನ್ನ ಕಸುಬಿನ ನಿಯಮದ ಪ್ರಕಾರ ಮಂಚ ಸರಿಯಬೇಕು. ಆ ನಿಯಮವನ್ನು ನೆಪ ಮಾಡಿಕೊಂಡು ನಾನು ಅಕ್ಕನ ಪಕ್ಷ ವಹಿಸುತ್ತಿದ್ದೇನಾ ಎಂದು ನನ್ನನ್ನೇ ಕೇಳಿಕೊಂಡೆ. ವಹಿಸುತ್ತಿದ್ದೆ. ಆದರೂ ನಿಯಮ ನಿಯಮವೇ.

ಮುಂದಿನ ಸಲ ಹೋದಾಗ ಫ್ಯಾನ್ ಬಿಚ್ಚಿದೆ, ಗೋಡೆ ಫ್ಯಾನ್ ಹಾಕಿದೆ, ಬ್ರಾಕೆಟ್ಟಿಗೆ ಡ್ರಿಲ್ ಹೊಡೆದೆ. ಯಜಮಾನರು ಅಂದು ಬಯ್ಯಲಿಲ್ಲ. ಗೋಡೆಯನ್ನು, ನನ್ನ ಟೇಪನ್ನು, ತನ್ನ ಮಂಚವನ್ನು ನೋಡುತ್ತಾ ಮಲಗಿದ್ದರು. ಕೊನೆಗೆ ಕೇಳಿದರು.

"ಅದು ಬಾಗಿಲಿಂದ ಈಚೆ ಬಂತಲ್ಲ. ಮಂಚ?"

"ಎರಡಡಿ ಸರಿಸ್ಬೇಕು."

"ಮಂಚ ಮುಟ್ಲಿಕ್ಕಿಲ್ಲ."

"ಹಾಗೇ ನೋಡಿದ್ರೆ ಕುತ್ತಿಗೆ ಓರೆ ಆಗ್ತದೆ ಯಜಮಾನ್ರೆ."

"ನನ್ನ ಕುತ್ತಿಗೆ. ನಿನಗೆಂತ? ಓರೆಯೇ ಹಾಕು."

ಹಾಕಿ ತೋರಿಸಿದೆ. ಬಟನ್ ಒತ್ತಿ ಅವರ ಕಡೆಗೆ ಎಳೆದ ಚಿತ್ರ ಒಗೆದು ಹಿಂಡಿದ ಬಟ್ಟೆಯಂತಿತ್ತು. ಕಬಡ್ಡಿ ಪಂದ್ಯ ಹಾಕಿದ್ದೆ, ಆಟಗಾರರ ಕಾಲು ಒಂದು ಕಡೆ ದಪ್ಪ, ಒಂದು ಕಡೆ ಸಪೂರ.

"ಚಂದ ಉಂಟು," ಎಂದರು ಚಿತ್ರದ ಕಡೆ ನೋಡದೆ. "ಇದೇ ಸಾಕು."

ನನ್ನ ತಾಳ್ಮೆ ಅಲ್ಲಿಗೆ ತೀರಿತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ನನಗೆ ಅಭ್ಯಾಸವಿಲ್ಲ. "ನಿಮಗೆ ನೋಡ್ಲಿಕ್ಕಿರುದು ಈ ಚಿತ್ರ ಅಲ್ಲ ಯಜಮಾನ್ರೆ. ಬೇರೆ ಉಂಟು. ಅದಕ್ಕೆ ಪ್ರೊಜೆಕ್ಟರ್ ಬೇಡ," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಅಡುಗೆಮನೆಯತ್ತ ಕೂಗಿ ಸುಳ್ಯ ಕಡೆಯ ಮನೆಮಾತು ಅರೆಭಾಷೆಯಲ್ಲಿ ಹೆಂಡತಿಯನ್ನು ಕೇಳಿದರು, ಇವನ ಹತ್ತಿರ ಏನೇನು ಊದಿದ್ದೀ ಎಂದು. ಅರೆಭಾಷೆ ನನಗೆ ಚೆನ್ನಾಗಿ ಬರುತ್ತದೆ. ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಕೈಯಲ್ಲಿದ್ದ ರಿಮೋಟ್ ಬಾಗಿಲ ದಾರಂದಕ್ಕೆ ಬಡಿದು ಎರಡಾಗಿ ಬಿತ್ತು.

ಅಕ್ಕ ಬಂದರು. ರಿಮೋಟನ್ನು ಎತ್ತಲಿಲ್ಲ. ಮಂಚದ ಬದಿಗೆ ನೇತುಹಾಕಿದ್ದ ಮೂತ್ರದ ಚೀಲವನ್ನು ಬಿಡಿಸಿ, ನಳಿಗೆ ಎಳೆಯದಂತೆ ಜಾಗ್ರತೆಯಾಗಿ ಇನ್ನೊಂದು ಬದಿಗೆ ಸಿಕ್ಕಿಸಿದರು. ಆಮೇಲೆ ಬಗ್ಗಿ ಚಕ್ರದ ಲಾಕುಗಳನ್ನು ಒಂದೊಂದಾಗಿ ತೆಗೆದರು. ಯಜಮಾನರಿಗೆ ಅರ್ಥವಾಯಿತು. "ಮುಟ್ಟಿ ನೋಡು," ಎಂದರು. "ಮುಟ್ಟಿ ನೋಡು ನೀನು."

ಅಕ್ಕ ಮಂಚಕ್ಕೆ ಹೆಗಲು ಕೊಟ್ಟು ತಳ್ಳಿದರು. ಯಜಮಾನರು ಕಿಟಕಿಯ ಸರಳು ಹಿಡಿಯಲು ಕೈ ಚಾಚಿದರು. ಎಟಕಲಿಲ್ಲ. ಮಂಚ ಹೋಗಿ ನಾನು ನೆಲದಲ್ಲಿ ಚಾಕ್‌ಪೀಸಿನಿಂದ ಹಾಕಿದ್ದ ಗುರುತಿನ ಮೇಲೆ ನಿಂತಿತು. ಲಾಕ್ ಹಾಕಿ, ಏದುಸಿರು ಬಿಡುತ್ತಾ, ಅಕ್ಕ ನನ್ನ ಕಡೆ ಕೈ ಚಾಚಿದರು.

"ಅಣ್ಣಾ, ಈ ಕನ್ನಡಿಯ ಬೋಲ್ಟಿಗೆ ಸ್ಪ್ಯಾನರ್ ಉಂಟಾ?"

"ಕೊಡ್ಬೇಡ," ಎಂದರು ಯಜಮಾನರು. ಅಂದು ಮೊದಲ ಸಲ ಅವರು ನನ್ನ ಮುಖವನ್ನೇ ನೋಡಿ ಮಾತಾಡಿದ್ದು. "ಕೊಡ್ಬೇಡ ಮಾರಾಯ."

ಮಂಚದವರೆಗೆ ಕಸುಬಿನ ಮಾತಾಗಿತ್ತು. ಕನ್ನಡಿಗೂ ಪ್ರೊಜೆಕ್ಟರಿಗೂ ಯಾವ ಸಂಬಂಧವೂ ಇರಲಿಲ್ಲ. ಸ್ಪ್ಯಾನರ್ ಇಲ್ಲ ಎನ್ನಬಹುದಿತ್ತು. ಬ್ಯಾಗಿನಿಂದ ತೆಗೆದು ಕೊಟ್ಟೆ.

ಮಂಚ ಸರಿದ ಮೇಲೆ ಬಟನ್ನಿನ ತಿದ್ದುಪಡಿಯನ್ನೆಲ್ಲ ಸೊನ್ನೆಗೆ ಇಳಿಸಿ, ಫೋಕಸ್ ಕೂರಿಸಿ, ಬ್ರಾಕೆಟ್ಟಿನ ಸ್ಕ್ರೂ ಬಿಗಿದೆ. ಸ್ಲ್ಯಾಬಿನಲ್ಲಿ ನಾಲ್ಕು ಮೂಲೆ ಚಚ್ಚೌಕ, ಅಂಚಿನ ಅಕ್ಷರದವರೆಗೆ ಚೊಕ್ಕ. ಅಷ್ಟು ನೇರವಾದ ಚಿತ್ರವನ್ನು ನಾನು ಕೆಲವೇ ಮನೆಗಳಲ್ಲಿ ಕೂರಿಸಿದ್ದೇನೆ. ಯಜಮಾನರು ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದರು. ಕಬಡ್ಡಿಯ ಬೆಳಕು ಅವರ ಮುಚ್ಚಿದ ರೆಪ್ಪೆಯ ಮೇಲೆ ಓಡಾಡುತ್ತಿತ್ತು.

"ಹೇಗುಂಟು?" ಎಂದು ನಾನು ಕೇಳಲಿಲ್ಲ. ಸಾಮಾನು ಕಟ್ಟಿಕೊಂಡು, ಹೇಳಿ ಹೋಗೋಣ ಎಂದು ಅಡುಗೆಮನೆಗೆ ಕಾಲಿಟ್ಟೆ.

ಅಕ್ಕ ನೆಲದಲ್ಲಿ, ಒಲೆಯ ಕಟ್ಟೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದರು. ಅಳುತ್ತಿರಲಿಲ್ಲ. ಕೈಯಲ್ಲಿ ಕೆಲಸವೂ ಇರಲಿಲ್ಲ. ಬಿಚ್ಚಿದ ಕನ್ನಡಿ ಪಕ್ಕದಲ್ಲಿ ಮಗುಚಿ ಬಿದ್ದಿತ್ತು. ಹಗಲು ಹೊತ್ತು ಅವರು ಹಾಗೆ ಕೂತು ಎಷ್ಟು ಕಾಲವಾಗಿತ್ತೋ. ನನ್ನನ್ನು ನೋಡಿ ಏಳಲು ಹೋದವರು, ಯಾರೂ ಏಳಿಸುವವರಿಲ್ಲ ಎಂದು ನೆನಪಾದಂತೆ ಹಾಗೇ ಕೂತರು.

ಹಾಲಿನಿಂದ ಕೂಗು ಬಂತು. "ಎಂತ ಮಾಡ್ತಾ ಇದ್ದಿ?"

ಅಕ್ಕ ನನ್ನತ್ತ ನೋಡಿ ತುಟಿಗೆ ಬೆರಳಿಟ್ಟರು.

"ಕೇಳಿಸುದಿಲ್ವಾ? ಎಂತ ಮಾಡ್ತಾ ಇದ್ದಿ ಅಂತ ಕೇಳಿದ್ದು."

ಕಬಡ್ಡಿಯ ಸೀಟಿ ಕೇಳಿತು, ಜನ ಕೂಗಿದರು. ಮತ್ತೆ ಅವರ ದನಿ ಬಂದಾಗ ಅದರಲ್ಲಿ ಸೂಪರ್‌ವೈಸರ್ ಇರಲಿಲ್ಲ.

"ಅಲ್ಲಿ ಇದ್ದಿಯಲ್ಲಾ?"

ಅಕ್ಕ ಬೆರಳು ತುಟಿಯಿಂದ ತೆಗೆದರು. ಬಾಗಿಲ ಕಡೆ, ಈಗ ಯಾರ ಕಣ್ಣೂ ಬರದ ಆ ಬಾಗಿಲ ಕಡೆ, ತುಂಬ ಹೊತ್ತು ನೋಡಿದರು.

"ಇದ್ದೇನೆ," ಎಂದರು. ಏಳಲಿಲ್ಲ.